ಕಣಜ ಸುತ್ತಿಸುವ ಮಲಮಾ

"ಎಡಭುಜ! ಎಡಭುಜ ಕಣಜದ ಕಡೆ ಇರ್ಲಿ ಅಂತ ಎಷ್ಟು ಸಲ ಹೇಳ್ಬೇಕು? ಮದುವೆ ಮನೇಲಿ ಯಾರು ಏನು ಉಟ್ಟಿದ್ದಾರೆ ಅಂತ ನೋಡೋ ಹಾಗೆ ಅತ್ತ ಇತ್ತ ತಿರುಗ್ತಾ ಹೋಗ್ತೀರಲ್ಲ!"

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಟ್ಸಿನಾ ಪಟ್ಟಣದ ಬಣ್ಣಗಾರರ ಕೇರಿಯ ಅಂಗಳವೊಂದರಲ್ಲಿ ಹದಿನಾಲ್ಕು ಹೆಂಗಸರು ದುಂಡನೆಯ ಮಣ್ಣಿನ ಕಣಜವನ್ನು ಸುತ್ತುತ್ತಿದ್ದಾರೆ. ಒಬ್ಬೊಬ್ಬರ ಮುಷ್ಟಿಯಲ್ಲೂ ಏಳೇಳು ಅಲಸಂದೆ ಕಾಳು. ಸುತ್ತು ಮುಗಿದಂತೆ ಒಂದೊಂದೇ ಕಾಳು ನೆಲಕ್ಕೆ ಬೀಳುತ್ತದೆ. ಬಾಗಿಲ ಬಳಿ ಒಲೆಯ ಮುಂದೆ ಕುಳಿತ ತಬಾವ ಬಾಣಲೆಗೆ ಹಿಟ್ಟು ಬಿಡುತ್ತ, ಬೆನ್ನಿಗೂ ಕಣ್ಣಿದೆಯೋ ಎಂಬಂತೆ ಹಿಂದೆ ನಡೆಯುವ ತಪ್ಪುಗಳನ್ನು ಹಿಡಿಯುತ್ತಿದ್ದಾರೆ. ಒಣ ದೂಳುಗಾಳಿಯ ಚಳಿಗೆ ಹೊದ್ದ ಶಾಲು ಜಾರುತ್ತಲೇ ಇದೆ, ಅದನ್ನು ಸರಿಮಾಡಿಕೊಳ್ಳಲು ಅವರಿಗೆ ಪುರುಸೊತ್ತಿಲ್ಲ.

ಈ ಹೆಂಗಸರೆಲ್ಲ ಈ ವರ್ಷ ಹಜ್‌ಗೆ ಹೊರಟವರು. ಮಕ್ಕಾದಲ್ಲಿ ಕಾಬಾವನ್ನು ಹೇಗೆ ಸುತ್ತಬೇಕು, ಎಲ್ಲಿಂದ ಶುರು ಮಾಡಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ತಬಾವ ಇಪ್ಪತ್ತಾರು ವರ್ಷಗಳಿಂದ ಹೀಗೆ ಕಣಜ ಸುತ್ತಿಸಿ ಕಲಿಸುತ್ತಿದ್ದಾರೆ. ಕೇರಿಯವರು ಅವರನ್ನು ಮಲಮಾ, ಅಂದರೆ ಮೇಷ್ಟ್ರಮ್ಮ ಎನ್ನುತ್ತಾರೆ. ಇಲ್ಲಿ ಸ್ವಲ್ಪ ವಯಸ್ಸಾಗಿ, ಮೈಮೇಲೆ ಒಳ್ಳೆಯ ಬಟ್ಟೆ ಬಿದ್ದರೆ ಸಾಕು, ಯಾತ್ರೆ ಮಾಡಿರಲಿ ಬಿಡಲಿ, ಜನ ಹಾಜಿಯಾ ಎಂದು ಕರೆದುಬಿಡುವುದು ವಾಡಿಕೆ. ತಬಾವ ಅವರನ್ನು ಹಾಗೆ ಕರೆದರೆ ವಡೆ ಸಿಗುವುದಿಲ್ಲ. ಏಕೆಂದರೆ ಅರವತ್ತೊಂದು ವರ್ಷದ ಮಲಮಾ ಇದುವರೆಗೆ ಮಕ್ಕಾ ನೋಡಿಲ್ಲ.

ದಿನಕ್ಕೆ ನಾನೂರು ಅಲಸಂದೆ ವಡೆ, ಎರಡು ದೊಡ್ಡ ಕೊಡ ಸಜ್ಜೆ ಗಂಜಿ. ಬಿಸಿಲೇರುವ ಮೊದಲೇ ಬಾಣಲೆ ಖಾಲಿ. ವಾರಕ್ಕೆ ಮೂರು ದಿನ ಪಾಠ, ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಇಲ್ಲಿಯವರೆಗೆ ಆರುನೂರಕ್ಕೂ ಹೆಚ್ಚು ಹೆಂಗಸರು ಈ ಕಣಜ ಸುತ್ತಿ ವಿಮಾನ ಹತ್ತಿದ್ದಾರೆ. ವಾಪಸು ಬರುವಾಗ ಸಂಪ್ರದಾಯದಂತೆ ಒಂದು ಹಲ್ಲಿಗೆ ಚಿನ್ನ ಕಟ್ಟಿಸಿಕೊಂಡು ಬರುತ್ತಾರೆ. "ಕೇರೀಲಿ ಯಾರು ನಕ್ಕರೂ ನನ್ನ ಪಾಠ ಹೊಳೀತದೆ," ಎಂದು ತಬಾವ ತಮ್ಮ ಬೋಳು ಒಸಡು ತೋರಿಸಿ ನಗುತ್ತಾರೆ.

ಕಣಜ ದುಂಡಗಿದೆ, ಕಾಬಾಕ್ಕೆ ಮೂಲೆಗಳಿವೆ. ಹಾಗಾಗಿ ಸುತ್ತು ಶುರುವಾಗುವ, ಕಪ್ಪು ಕಲ್ಲಿರುವ ಮೂಲೆಯ ಗುರುತಿಗೆಂದು ಕಣಜದ ಒಂದು ಕಡೆ ಮಸಿ ಹಿಡಿದ ಹಳೆಯ ಗಡಿಗೆಯನ್ನು ಕಟ್ಟಿದ್ದಾರೆ. ಅದು ಬೇವಿನ ಮರದ ಕಡೆಗಿದೆ. ಒಂದು ವರ್ಷ ಶಿಷ್ಯೆಯೊಬ್ಬಳು ಮಕ್ಕಾದಲ್ಲಿ ಲಕ್ಷಾಂತರ ಜನರ ನಡುವೆ ನಿಂತು, ಬೇವಿನ ಮರ ಎಲ್ಲಿ ಎಂದು ಹುಡುಕುತ್ತ ಅತ್ತಳಂತೆ. ಆ ಸುದ್ದಿ ಬಂದ ಮಾರನೇ ದಿನವೇ ತಬಾವ ಪಾಠ ತಿದ್ದಿಕೊಂಡರು. ಈಗ ಮೊದಲ ದಿನವೇ ಹೇಳುವ ಮಾತು: "ಅಲ್ಲಿ ಮರ ಇರೋಲ್ಲ ತಾಯಂದಿರಾ. ಮರ ನನ್ನದು, ಮಕ್ಕಾದ್ದಲ್ಲ."

ಮಸೀದಿಯ ಇಮಾಮರೂ ಯಾತ್ರೆಯ ಪಾಠ ಮಾಡುತ್ತಾರೆ. ಆದರೆ ಹೆಂಗಸರ ಪ್ರಶ್ನೆಗಳು ಇಮಾಮರ ಮುಂದೆ ಬಾಯಿಂದ ಹೊರಡುವುದಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬಳು ವಡೆ ಕೊಳ್ಳುವ ನೆಪದಲ್ಲಿ ಪಕ್ಕ ಕೂರುತ್ತಾಳೆ. "ಮಲಮಾ, ಅಲ್ಲಿ ಹೋದಾಗ ಮುಟ್ಟಾದ್ರೆ?" ತಬಾವ ಜಾಲರಿಯಿಂದ ವಡೆ ತೆಗೆಯುತ್ತಲೇ ಹೇಳುತ್ತಾರೆ: "ಉಳಿದಿದ್ದೆಲ್ಲ ಮಾಡು. ಸುತ್ತೋದು ಮಾತ್ರ ಬೇಡ, ಮುಗಿಯೋವರೆಗೂ ಕಾಯಿ. ದೇವರೇ ಕೊಟ್ಟದ್ದು, ದೇವರೇ ಕಾಯ್ತಾನೆ. ಅಳ್ಬೇಡ, ಉಪ್ಪು ಜಾಸ್ತಿ ಆಗ್ತದೆ."

ಪಾಠಕ್ಕೆ ಸೇರುವವರಿಗೆ ಅವರದೊಂದು ಷರತ್ತಿದೆ. ಮೊದಲು ಜಕಾತ್, ಆಮೇಲೆ ಕಣಜ. ಮೈಮೇಲೆ ಹಾಕಿಕೊಳ್ಳುವ ಬಳೆ ಸರಕ್ಕೆ ಲೆಕ್ಕವಿಲ್ಲ, ಪೆಟ್ಟಿಗೆಯಲ್ಲಿ ಕೂಡಿಟ್ಟ ಚಿನ್ನಕ್ಕೆ ಬಡವರ ಪಾಲು ಕೊಟ್ಟು ಬರಬೇಕು. "ನಮ್ಮ ಯಜಮಾನ್ರು ಕೊಡ್ತಾರಲ್ಲ" ಎಂದವಳಿಗೆ ಸಿಗುವ ಉತ್ತರ ಖಾರಾಪುಡಿಗಿಂತ ಚುರುಕು: "ಅವರ ನಮಾಜು ಅವರೇ ಮಾಡ್ತಾರೆ ತಾನೆ? ಅವರ ಜಕಾತ್ ಅವರದು. ಪೆಟ್ಟಿಗೆ ಬೀಗ ನಿನ್ನ ಸೊಂಟದಲ್ಲಿದ್ರೆ ಕೊಡೋ ಕೈಯೂ ನಿಂದೇ ಆಗ್ಬೇಕು."

ಊರಿಗೆ ಮರಳಿದವರು ಗುರುದಕ್ಷಿಣೆಯಂತೆ ತಬಾವ ಅವರಿಗೆ ಒಂದೊಂದು ಡಬ್ಬಿ ಮಕ್ಕಾದ ಪವಿತ್ರ ಬಾವಿಯ ಜಮ್‌ಜಮ್ ನೀರು ತಂದುಕೊಡುತ್ತಾರೆ. ಅದು ಹೆರಿಗೆ ನೋವಿನವರಿಗೆ, ಜ್ವರದಲ್ಲಿ ಮಲಗಿದವರಿಗೆ, ಸಾಯುವವರ ನಾಲಿಗೆಗೆ ಹೋಗುತ್ತದೆ. ತಬಾವ ಇದುವರೆಗೆ ಒಂದು ಹನಿ ಬಾಯಿಗೆ ಹಾಕಿಕೊಂಡಿಲ್ಲ. "ನಾನು ಅಲ್ಲೇ ನಿಂತು ಕುಡೀತೀನಿ," ಎನ್ನುತ್ತಾರೆ. ಯಾತ್ರೆಯ ದಿನಗಳಲ್ಲಿ ಊರ ಮೇಲೆ ವಿಮಾನ ಹೋದರೆ ಅವರ ಕೈ ನಿಂತುಬಿಡುತ್ತದೆ. ಸದ್ದು ಅಡಗಿದ ಮೇಲೂ ಕತ್ತು ಮೇಲೆಯೇ. ಆ ಹೊತ್ತಿಗೆ ಬಾಣಲೆಯಲ್ಲಿದ್ದ ವಡೆ ಕರಿಕಾಗುತ್ತದೆ. ಗಿರಾಕಿಗಳಿಗೆ ಇದು ಗೊತ್ತು, ಗೊಣಗದೆ ತಿನ್ನುತ್ತಾರೆ. ಅಷ್ಟು ದೊಡ್ಡ ಆಸೆಯನ್ನು ಎದೆಯಲ್ಲಿಟ್ಟುಕೊಂಡು ಬೇರೆಯವರನ್ನು ಕಳಿಸುತ್ತ ಕೂರುವುದು ಸಂಕಟದ ಕೆಲಸ. ಅವರು ಅದನ್ನು ಮುಚ್ಚಿಡುವುದೂ ಇಲ್ಲ. "ಹೊಟ್ಟೆ ಉರೀತದೆ. ಪ್ರತಿ ವರ್ಷ ಉರೀತದೆ. ಆಮೇಲೆ ಅಲಸಂದೆ ನೆನೆಹಾಕ್ತೀನಿ."

ಹಣ ಕೂಡಿರಲಿಲ್ಲ ಎಂಬುದು ಹಳೆಯ ಮಾತು. ವರ್ಷಕ್ಕೆರಡು ಟಗರು ಕೊಬ್ಬಿಸಿ ಹಬ್ಬಕ್ಕೆ ಮಾರಿ ಆ ತೊಡಕನ್ನು ಅವರು ಎಂದೋ ದಾಟಿದ್ದಾರೆ. ದಾಟಲಾಗದೆ ಉಳಿದದ್ದು ಅರ್ಜಿಯ ಒಂದು ಗೆರೆ. ಜೊತೆಗೆ ಹೋಗುವ ಗಂಡಸಿನ ಹೆಸರು ಅಲ್ಲಿ ಬರೆಯಬೇಕು. ಗಂಡನಾಗಿರಬೇಕು, ಇಲ್ಲವೇ ತಂದೆ, ಅಣ್ಣತಮ್ಮ, ಮಗ, ಹೀಗೆ ಹೊರಟವಳು ಮದುವೆಯಾಗಬಾರದ ಹತ್ತಿರದ ನೆಂಟನೇ ಆಗಬೇಕು. ಬಟ್ಟೆಗೆ ಬಣ್ಣ ಹಾಕುವ ಗುಂಡಿಯಲ್ಲಿ ದುಡಿಯುತ್ತಿದ್ದ ಗಂಡ ತೀರಿ ಹದಿನೈದು ವರ್ಷವಾಯಿತು. ಅಣ್ಣತಮ್ಮಂದಿರಿಲ್ಲ. ಹೆತ್ತ ಒಂದೇ ಮಗಳು ಎರಡು ವರ್ಷದವಳಿದ್ದಾಗ ದಡಾರದಲ್ಲಿ ಹೋದಳು. ಇಂಥ ಕಷ್ಟಕ್ಕೆ ಕೆಲವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಗುರುತಿಲ್ಲದ ಯಾವನನ್ನೋ ಅಣ್ಣ ಎಂದು ಬರೆಸಿಬಿಡುವುದು. ತಬಾವ ಅವರಿಗೂ ಅಂಥ ಅಣ್ಣಂದಿರು ನಾಲ್ಕೈದು ಮಂದಿ ಬಂದಿದ್ದರು.

"ಸುಳ್ಳು ಅಣ್ಣನ ಕೈ ಹಿಡ್ಕೊಂಡು ದೇವರ ಮನೆಗೆ ಹೋಗೋದಾ? ಬಾಗಿಲಲ್ಲೇ ಕೇಳಿದ್ರೆ ಏನಂತ ಹೇಳ್ಲಿ?"

ಹೋದ ತಿಂಗಳು ಕೇರಿಯ ಹಿಟ್ಟಿನ ಗಿರಣಿಯ ಹಬೀಬು, ನೆನೆದ ಅಲಸಂದೆ ರುಬ್ಬಿಸಲು ಬಂದ ತಬಾವ ಅವರನ್ನು ತಡೆದು ನಿಲ್ಲಿಸಿದರು. ಹಬೀಬುವಿಗೆ ಮೂವತ್ತೈದು. "ಅವ್ವ, ಈ ವರ್ಷ ಹಜ್ ಪಟ್ಟೀಲಿ ನನ್ನ ಹೆಸರು ಬಂದಿದೆ. ನಿಮ್ಮ ಅರ್ಜಿ ಮೇಲೆ ನನ್ನನ್ನ ಬರೀರಿ. ನಾನೇನು ಸುಳ್ಳು ಮಗನಾ?"

ಅಲ್ಲ. ಹಬೀಬುವಿನ ತಾಯಿ ಹೆರಿಗೆಯಲ್ಲಿ ತೀರಿಕೊಂಡಾಗ ತಬಾವ ಅವರ ಮಡಿಲಲ್ಲಿ ಐದು ತಿಂಗಳ ಮಗಳಿದ್ದಳು. ಕಡಲೆಕಾಯಿ ಕೀಳುವ ಕಾಲ, ನಡುಮಧ್ಯಾಹ್ನ. ಸೂಲಗಿತ್ತಿ ದೇಲು ಅಳುವ ಕೂಸನ್ನು ಈ ಅಂಗಳಕ್ಕೆ ಎತ್ತಿಕೊಂಡು ಬಂದರು. ನಲವತ್ತು ದಿನ ತಬಾವ ಎರಡೂ ಕೂಸುಗಳಿಗೆ ಹಾಲು ಕೊಟ್ಟರು. ಆಮೇಲೆ ತಂದೆ ಮಗನನ್ನು ದೌರಾದ ನೆಂಟರ ಮನೆಗೆ ಒಯ್ದರು. ಹಾಲುಣಿಸಿದವಳು ತಾಯಿ, ಹಾಲುಂಡವನು ಮಗ. ಶರೀಯತ್ತಿನ ಪ್ರಕಾರ ಆ ನಂಟು ಹೆತ್ತ ನಂಟಿನಷ್ಟೇ ಗಟ್ಟಿ, ಯಾತ್ರೆಗೂ ಸಲ್ಲುತ್ತದೆ. ಅದಕ್ಕೆ ಕಾಜಿಯವರ ಮುಂದೆ ಕಣ್ಣಾರೆ ಕಂಡ ಇಬ್ಬರು ಹೆಂಗಸರು ಸಾಕ್ಷಿ ಹೇಳಬೇಕು. ಕಂಡವರಲ್ಲಿ ಈಗ ಉಳಿದಿರುವ ಹೆಂಗಸರು ಇಬ್ಬರೇ. ಒಬ್ಬರು ದೇಲು, ಇನ್ನೊಬ್ಬರು ಲಾದಿ.

ಲಾದಿ ಯಾರೆಂದು ತಿಳಿಯಲು ಅಂಗಳದ ನಡುವಿನ ಎದೆಮಟ್ಟದ ಗೋಡೆ ನೋಡಿದರೆ ಸಾಕು. ಆ ಕಡೆ ಇರುವುದು ತಬಾವ ಅವರ ಸವತಿ. ಹದಿಮೂರು ವರ್ಷದ ಹಿಂದೆ, ಇಪ್ಪತ್ತೆರಡರ ಹಬೀಬು ಕೆಲಸ ಹುಡುಕಿ ಕೇರಿಗೆ ಮರಳಿದ್ದರು. ಲಾದಿಯ ಮಗಳು ಮೈರೊಗೆ ಅವರನ್ನು ನೋಡಿ ಮನಸ್ಸಾಯಿತು. ಮದುವೆ ಗೊತ್ತಾಗಿ ಬಟ್ಟೆಬರೆಯೂ ಬಂದಿತ್ತು. ತಬಾವ ಎದ್ದು ನಿಂತು, ಇವನು ನನ್ನ ಹಾಲು ಕುಡಿದವನು, ಈ ಮನೆಯ ಮಕ್ಕಳಿಗೆಲ್ಲ ಅಣ್ಣ, ಮೈರೊ ಇವನ ತಂಗಿ ಎಂದರು. ಲಾದಿ ನಡುಬೀದಿಯಲ್ಲಿ ಕೂಗಿದರು: "ಇವಳ ಎದೇಲಿ ಹಾಲು ಎಲ್ಲಿತ್ತು? ನನ್ನ ಮಗಳ ಸುಖ ನೋಡಕ್ಕಾಗದೆ ಕಟ್ತಿರೋ ಕಥೆ!" ದೇಲುವಿನ ಮಾತು ಕೇಳಿ ಇಮಾಮರು ಮದುವೆ ನಿಲ್ಲಿಸಿದರು. ಲಾದಿ ಮಾತ್ರ ಹದಿಮೂರು ವರ್ಷ ಅದೇ ಮಾತಿನ ಮೇಲೆ ನಿಂತರು.

ಅಂದಿನಿಂದ ಸವತಿಯರ ನಡುವೆ ನೇರ ಮಾತಿಲ್ಲ. ಏನಿದ್ದರೂ ಲಾದಿಯ ಮೇಕೆಗೆ ಹೇಳುವುದು, ಆಚೆಯವರು ಕೇಳಿಸಿಕೊಳ್ಳುವುದು. ನಮ್ಮ ಹೆಂಗಸರಿಗೆ ಈ ವಿದ್ಯೆ ಯಾರೂ ಕಲಿಸಬೇಕಾಗಿಲ್ಲ. ದಾನದಲ್ಲಿ ಮೊದಲ ಹಕ್ಕು ನೆರೆಯವರದು ಎಂದು ಪಾಠ ಹೇಳುವ ತಬಾವ ಪ್ರತಿ ಶುಕ್ರವಾರ ಮೊದಲ ತಟ್ಟೆ ವಡೆಯನ್ನು ಗೋಡೆಯ ಮೇಲಿಡುತ್ತಾರೆ. ಲಾದಿ ಅದನ್ನು ಎಲ್ಲರಿಗೂ ಕಾಣುವಂತೆ ಮೇಕೆಯ ಮುಂದೆ ಸುರಿಯುತ್ತಾರೆ. "ತಿನ್ನೇ, ಪುಣ್ಯವಂತರ ಮನೆ ವಡೆ. ತಿಂದು ನೀನೂ ಸ್ವರ್ಗಕ್ಕೆ ಹೋಗು." ಹದಿಮೂರು ವರ್ಷದಲ್ಲಿ ಮೂರು ಮೇಕೆಗಳು ಈ ದಾನದಲ್ಲಿ ಮೈತುಂಬಿಕೊಂಡಿವೆ. ಕೇರಿಯಲ್ಲಿ ಖಾರ ತಿನ್ನುವ ಮೇಕೆ ಇದೊಂದೇ.

ಹೀಗಿರುವಾಗ ತಬಾವ ಲಾದಿಯನ್ನು ಕೇಳುವುದು ಹೇಗೆ? ಕಾಜಿಯವರು ಕೊಟ್ಟ ಮಂಗಳವಾರಕ್ಕೆ ನಾಲ್ಕು ದಿನ ಉಳಿದಿತ್ತು. ಅರ್ಜಿಗೆ ಅದೇ ವಾರ ಕೊನೆ. ಆ ಶುಕ್ರವಾರ ತಟ್ಟೆ ಇಟ್ಟವರು ಹಿಂದಿರುಗಲಿಲ್ಲ. ಗೋಡೆ ಹಿಡಿದು ನಿಂತು ಮೇಕೆಗೆ ಹೇಳಿದರು.

"ಮಂಗಳವಾರ ಕಾಜಿ ಮನೇಲಿ, ಕಂಡದ್ದನ್ನ ಹೇಳೋರು ಬೇಕಂತೆ ಕಣೇ. ನನಗೋಸ್ಕರ ಸುಳ್ಳು ಬೇಡ. ಕಂಡದ್ದಷ್ಟೇ ಸಾಕು."

ಆಚೆಯಿಂದ ತಟ್ಟೆ ಎತ್ತಿದ ಸದ್ದು. "ನೋಡಿದ್ಯೇನೇ, ಹದಿಮೂರು ವರ್ಷ ಪುಕ್ಕಟೆ ತಿನ್ನಿಸಿ ಈಗ ಬೆಲೆ ಕೇಳ್ತಿದ್ದಾರೆ!" ವಡೆಗಳು ಎಂದಿನಂತೆ ಮೇಕೆಯ ಮುಂದೆ ಬಿದ್ದವು.

ಮಂಗಳವಾರ ಕಾಜಿಯವರ ಮನೆಯ ಚಾಪೆಯ ಮೇಲೆ ದೇಲು ತಮ್ಮ ಸಾಕ್ಷಿ ಹೇಳಿ ಮುಗಿಸಿದರು. ಕಣ್ಣು ಮಂಜಾಗಿದೆ, ನೆನಪು ಚೊಕ್ಕವಾಗಿದೆ. ಇನ್ನೊಬ್ಬರಿಲ್ಲವೇ ಎಂದು ಕಾಜಿಯವರು ಕೇಳಿದರು. ಹಬೀಬು ಬಾಗಿಲ ಕಡೆ ನೋಡುತ್ತ ಕುಳಿತಿದ್ದರು. ಮಧ್ಯಾಹ್ನದ ನಮಾಜಿಗೆ ಎಲ್ಲರೂ ಏಳಬೇಕು, ಅಷ್ಟರಲ್ಲಿ ಮದುವೆಗೆ ಉಡುವ ಸೀರೆಯಂಥ ನೀಲಿ ಮೇಲುಡುಗೆ ಸುತ್ತಿಕೊಂಡು ಲಾದಿ ಒಳಗೆ ಬಂದರು. ಸವತಿಯತ್ತ ತಿರುಗಿಯೂ ನೋಡದೆ ಕಾಜಿಯವರ ಮುಂದೆ ಕುಳಿತರು.

"ಕುಡಿಸಿದ್ದಾಳೆ. ನಲವತ್ತು ದಿನ. ದೇಲು ಕೂಸನ್ನ ತಂದಾಗ ಇವಳು ಹೆದರಿ ಹಿಂದೆ ಸರಿದ್ಲು, ಎರಡಕ್ಕೆ ಹಾಲು ಸಾಲದು ಅಂತ. ದೇಲು ಕೈಯಿಂದ ಎತ್ಕೊಂಡು ಇವಳ ತೊಡೆ ಮೇಲೆ ಇಟ್ಟವಳು ನಾನೇ."

ಕಾಜಿಯವರು ಪೆನ್ನು ಕೆಳಗಿಟ್ಟರು. "ಹಾಗಾದರೆ ಅವತ್ತು ಬೀದಿಯಲ್ಲಿ ಹೇಳಿದ್ದು?"

"ಅವತ್ತು ನನ್ನ ಮಗಳು ಅಳ್ತಿದ್ಲು. ಅದಕ್ಕೆ ಸುಳ್ಳು ಹೇಳಿದೆ. ಈಗ ಅವಳಿಗೆ ಕಡೂನಾದಲ್ಲಿ ನಾಲ್ಕು ಮಕ್ಕಳು, ನಗ್ತಾ ಇದ್ದಾಳೆ. ನಾನೊಬ್ಬಳೇ ಸುಳ್ಳು ಕಾಯ್ಕೊಂಡು ಕೂತಿದ್ದೆ." ಇಷ್ಟು ಹೇಳಿ, ಹೆಬ್ಬೆಟ್ಟು ಒತ್ತಿ, ಬಂದ ಹಾಗೆಯೇ ಎದ್ದು ಹೋದರು. ಹಾಲಿನ ಮಗ ತಬಾವ ಅವರ ತೋಳು ಹಿಡಿದು ಎಬ್ಬಿಸಿದರು.

ಅರ್ಜಿ ಹೋಗಿದೆ. ವಿಮಾನದ ಪಟ್ಟಿ ಇನ್ನೂ ಬಂದಿಲ್ಲ. ಬರುವವರೆಗೆ ನಂಬುವುದಿಲ್ಲ ಎನ್ನುತ್ತ ತಬಾವ ಬೆಳಿಗ್ಗೆ ಎಂದಿನಂತೆ ಒಲೆ ಹಚ್ಚುತ್ತಾರೆ. ವಿಮಾನದ ಸದ್ದಿಗೆ ವಡೆ ಈಗಲೂ ಕರಿಕಾಗುತ್ತದೆ, ಮೊದಲಿಗಿಂತ ಹೆಚ್ಚೇ.

ಇವತ್ತು ಶುಕ್ರವಾರ. ಹೆಂಗಸರು ಏಳನೇ ಸುತ್ತಿನಲ್ಲಿದ್ದಾರೆ. ಮೊದಲ ತಟ್ಟೆ ಗೋಡೆಯ ಮೇಲೆ ಹೋಗಿದೆ. ವಾಡಿಕೆಯಂತೆ ಮೇಕೆ ಓಡಿಬಂದು ಗೋಡೆಗೆ ಕಾಲು ಕೊಟ್ಟು ನಿಂತಿದೆ. ಆಚೆಯಿಂದ ಲಾದಿಯ ದನಿ ಕೇಳುತ್ತದೆ, ಬಾಯಲ್ಲಿ ಏನೋ ತುಂಬಿಕೊಂಡ ದನಿ.

"ಹೋಗೇ ಆಚೆ. ಇವತ್ತು ನಿನಗಿಲ್ಲ."

ತಬಾವ ಕೇಳಿಸಿಕೊಂಡೂ ಕೇಳಿಸದವರಂತೆ ಹಿಟ್ಟು ಕಲಸುತ್ತಾರೆ. ಶಾಲಿನ ತುದಿಯಿಂದ ಮುಖ ಒರೆಸಿಕೊಳ್ಳುತ್ತಾರೆ, ಹೊಗೆ ಎನ್ನುತ್ತಾರೆ. ಮಕ್ಕಾದಿಂದ ಏನು ತರುತ್ತೀರಿ, ಚಿನ್ನದ ಹಲ್ಲೇ ಎಂದು ಕೇಳಿದರೆ ತಲೆಯಾಡಿಸುತ್ತಾರೆ.

"ಚಿನ್ನ ಕಟ್ಟಿಸೋಕೆ ಹಲ್ಲೆಲ್ಲಿದೆ? ಒಂದು ಡಬ್ಬಿ ನೀರು ತರ್ತೀನಿ. ಇಪ್ಪತ್ತಾರು ವರ್ಷ ಎಲ್ಲರೂ ನನಗೆ ತಂದುಕೊಟ್ರು. ಒಂದು ಸಲ ನಾನೂ ಯಾರಿಗಾದ್ರೂ ತಂದುಕೊಡ್ಬೇಕು."

ಯಾರಿಗೆ?

ಅವರು ಒಮ್ಮೆ ಗೋಡೆಯ ಕಡೆ ನೋಡುತ್ತಾರೆ. ಆಮೇಲೆ ಆಚೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾರೆ:

"ಮೇಕೆಗೆ."