ನಿಂತ ಯಂತ್ರದ ಸದ್ದು

ನೀರಾವರಿ ಅಣೆಕಟ್ಟಿನ ಬುಡದಲ್ಲಿ ನಮ್ಮ ಚಿಕ್ಕ ವಿದ್ಯುತ್ ಕೇಂದ್ರ. ಕೆಳಗಿನ ಕಬ್ಬಿಗೆಂದು ಕಾಲುವೆಗೆ ನೀರು ಬಿಟ್ಟರಷ್ಟೇ ಟರ್ಬೈನ್ ತಿರುಗುತ್ತಿತ್ತು. ಕಾಲುವೆ ಮುಚ್ಚಿದರೆ ವಾರಗಟ್ಟಲೆ ನಿಂತಿರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಧಾರವಾಡ ಕಡೆಯ ಹಿರಿಯ ಆಪರೇಟರ್. ಮರಾಠಿಯೇ ನಡೆಯುವ ಆ ಕೇಂದ್ರದಲ್ಲಿ ಕನ್ನಡ ಬರುತ್ತಿದ್ದುದು ನಮಗಿಬ್ಬರಿಗೇ. ಕಾಕಾ ಎನ್ನುತ್ತಿದ್ದೆ. ನಾವಿಬ್ಬರೂ ಮನೆ ಮಾಡಿದ್ದ ಬಿಬವೇವಾಡಿಯಿಂದ ದಿನಾ ನನ್ನ ಬೈಕಿನಲ್ಲೇ ಬರುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಒಳಗೇನು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದರು. ಆ ಗದ್ದಲದಲ್ಲಿ ಇಪ್ಪತ್ತು ವರ್ಷ ಕಳೆದ ಮೇಲೆ ಅವರ ಕಿವಿ ಮಂದವಾಯಿತು. ಯಂತ್ರದಿಂದ ಹೀಗಾಗಿದೆ, ಚಿಕಿತ್ಸೆ ಕೊಡಿಸಿ, ಆಫೀಸಿಗೆ ಹಾಕಿ ಎಂದು ಕಂಪನಿಗೆ ಅರ್ಜಿ ಬರೆದರು.

ಸದ್ದು ಅಳೆಯಲು ಅಧಿಕಾರಿಯೊಬ್ಬರು ಬಂದರು. ಅಂದು ಕಾಲುವೆ ಮುಚ್ಚಿತ್ತು. ಯಂತ್ರಶಾಲೆಯಲ್ಲಿ ಪಾರಿವಾಳ ರೆಕ್ಕೆ ಬಡಿದರೂ ಕೇಳುತ್ತಿತ್ತು. ಕಾಕಾ ರಜೆಯಲ್ಲಿದ್ದರು.

"ಮುಂದಿನ ವಾರ ನೀರು ಬಿಡ್ತಾರೆ ಸಾಹೇಬ್ರೆ, ಆಗ ಬನ್ನಿ," ಎಂದು ಮರಾಠಿಯಲ್ಲಿ ಹೇಳಿದೆ.

"ಮುಂದಿನ ವಾರ ನನಗೆ ಬೇರೆ ಕೆಲಸ ಇದೆ," ಎಂದರು. ಮೀಟರ್ ಹಿಡಿದು ಎರಡು ಸುತ್ತು ಹಾಕಿ, ಸಾಕ್ಷಿಯ ಸಹಿಗೆಂದು ಕಾಗದವನ್ನು ನನ್ನ ಮುಂದಿಟ್ಟರು. 'ಅಳೆಯುವಾಗ ಯಂತ್ರ ಪೂರ್ಣ ಚಾಲನೆಯಲ್ಲಿತ್ತು' ಎಂಬ ಸಾಲು ಮೊದಲೇ ಅಚ್ಚಾಗಿತ್ತು. "ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ಅಲ್ವಾ?" ಎಂದು ಕೇಳಿದರು. ದನಿಯಲ್ಲಿ ಬೆದರಿಕೆ ಇರಲಿಲ್ಲ. ನಾನು ಸಹಿ ಮಾಡಿದೆ.

ಸದ್ದು ಮಿತಿಯೊಳಗಿದೆ, ಕಿವುಡು ವಯಸ್ಸಿನದು ಎಂದು ಉತ್ತರ ಬಂತು. ಎರಡು ತಿಂಗಳಿಗೆ ಬೇರಿಂಗ್ ಗುರುಗುಟ್ಟಿತು. ಪಕ್ಕದಲ್ಲೇ ನಿಂತಿದ್ದ ಕಾಕಾಗೆ ಅದು ಕೇಳಿಸಲಿಲ್ಲ. ನಾನು ಓಡಿಬಂದು ಯಂತ್ರ ನಿಲ್ಲಿಸಿದೆ. ಈ ಕಿವಿ ಇಟ್ಟುಕೊಂಡು ಯಂತ್ರದ ಬಳಿ ಕೆಲಸ ಮಾಡಲಾಗದು ಎಂದು ಅದೇ ಕಂಪನಿ ಅವರನ್ನು ಮನೆಗೆ ಕಳಿಸಿತು.

ತಡೆಯಲಾರದೆ ಒಂದು ಭಾನುವಾರ ಅವರ ಮನೆಗೆ ಹೋದೆ. ಅವರ ಹೆಂಡತಿ ಕಾಕೂ ಚಹಾ ತಂದಿಟ್ಟರು.

"ಕಾಕಾ, ಆ ಕಾಗದಕ್ಕ ಸಹಿ ಮಾಡಿದಾಂವ ನಾನ," ಎಂದೆ ಮೆಲ್ಲಗೆ.

"ಏನಂದಿ?" ಎಂದು ಕೈಯನ್ನು ಕಿವಿಗೆ ಹಿಡಿದರು.

ಮತ್ತೆ ಹೇಳಿದೆ. ಕೇಳಿಸಲಿಲ್ಲ. ಮೂರನೆಯ ಸಲ ಕೂಗಿಯೇ ಹೇಳಬೇಕಾಯಿತು. ಎದುರು ಮನೆಯ ಹೆಂಗಸು ಬಾಗಿಲಿಗೆ ಬಂದು ನೋಡಿದಳು. ಅಡಿಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಂತಿತು.

"ಗೊತ್ತದ," ಎಂದರು ಕಾಕಾ. "ನಕಲು ಪ್ರತಿ ನನಗೂ ಕೊಟ್ಟಾರ. ಕಿವಿ ಹೋಗ್ಯಾವ, ಕಣ್ಣು ಅವ ಇನ್ನ."

"ನೌಕರಿ ಹೋಗ್ತದಂತ ಅಂಜಿದೆ ಕಾಕಾ."

"ಅಂಜಿದ್ದಕ್ಕ ಬ್ಯಾಸರಿಲ್ಲ. ಅಂದಿನಿಂದ ದಿನಾ ನಿನ್ನ ಹಿಂದ ಗಾಡಿ ಮ್ಯಾಲ ಕುಂತು ಬಂದೇನಿ. ಒಂದು ಮಾತು ಹೇಳಲಿಲ್ಲಲ್ಲ ನೀ."

ಅವರು ಎದ್ದು ಒಳಗೆ ಹೋದರು. ಕಾಕೂ ಬಂದು, ನಾನಿನ್ನೂ ಮುಟ್ಟದ ಚಹಾದ ಕಪ್ಪನ್ನು ಎತ್ತಿಕೊಂಡು ಹೋದರು.

ಆ ವರ್ಷವೇ ನನ್ನ ನೌಕರಿ ಕಾಯಂ ಆಯಿತು. ಈಗ ವಿಮಾನ ನಗರದ ಕಂಪನಿ ಆಫೀಸಿನಲ್ಲಿದ್ದೇನೆ, ಕಾಕಾ ಬೇಡಿದ್ದಂಥದೇ ಕುರ್ಚಿ ಕೆಲಸ. ಬಿಬವೇವಾಡಿಯ ತರಕಾರಿ ಮಾರುಕಟ್ಟೆಯಲ್ಲಿ ಕಾಕಾ ಕೆಲವೊಮ್ಮೆ ಎದುರಾಗುತ್ತಾರೆ. ನಾನು ಕರೆಯುತ್ತೇನೆ. ನಿಜಕ್ಕೂ ಕೇಳಿಸುವುದಿಲ್ಲವೋ, ಕೇಳಿಸಿಕೊಳ್ಳುವುದಿಲ್ಲವೋ, ಮೆಂತ್ಯ ಸೊಪ್ಪು ಆರಿಸುತ್ತಲೇ ಇರುತ್ತಾರೆ.