ಅಕ್ಕನ ಫೋನಿನಿಂದ ನಾನು ಅಳಿಸಿದ ಎಪ್ಪತ್ತು ಎಂಬಿ

೨೦೧೯ರಲ್ಲಿ ಸಿಂದಗಿಯಲ್ಲಿ ನನ್ನ ಮೊಬೈಲ್ ಅಂಗಡಿಗೆ ಆರು ವರ್ಷವಾಗಿತ್ತು. ಹೊಸ ಫೋನ್ ಮಾರುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು ನನ್ನ ಕೆಲಸ. ನಾನು ಓದಿದ್ದು ಏಳನೆಯ ಇಯತ್ತೆ. ಅಕ್ಕ ಹುಸೇನಬಿ ಅಷ್ಟೂ ಓದಲಿಲ್ಲ. ನಾನು ಹುಟ್ಟಿದಾಗ ನನ್ನನ್ನು ನೋಡಿಕೊಳ್ಳಲು ಅವಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಉಳಿಸಿಕೊಂಡರು.

ಆ ವರ್ಷ ರಂಜಾನ್ ಮುಗಿದ ಮೇಲೆ ಅಕ್ಕ ಮತ್ತು ಭಾವ ತಮ್ಮೂರು ಇಂಗಳೇಶ್ವರದಿಂದ ಅಂಗಡಿಗೆ ಬಂದರು. ಭಾವ ಲಾರಿ ಡ್ರೈವರ್, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಅಕ್ಕನಿಗೆ ಒಂದು ಸ್ಮಾರ್ಟ್‌ಫೋನ್ ಬೇಕಿತ್ತು.

“ದೊಡ್ಡ ಮೆಮರಿದು ಕೊಡಪಾ. ನಿಮ್ಮಕ್ಕನ ಮಾತು ನನ್ನ ಲಾರಿಯಾಗೂ ಹಿಡಿಯಂಗಿಲ್ಲ,” ಎಂದರು ಭಾವ.

“ಓದಾಕ ಬರಂಗಿಲ್ಲ, ಬರಿಯಾಕ ಬರಂಗಿಲ್ಲ, ಅಕಿಗ್ಯಾಕ್ರಿ ದೊಡ್ಡದು? ಮೂವತ್ತೆರಡು ಜಿಬಿ ತುಂಬೂದ್ರಾಗ ಮೊಮ್ಮಕ್ಕಳ ಮದಿವಿ ಆಗಿರತೈತಿ,” ಎಂದೆ. ಗಿರಾಕಿಗಳು ನಕ್ಕರು. ಅಕ್ಕನೂ ನಕ್ಕಳು. ಮೂವತ್ತೆರಡು ಜಿಬಿಯದನ್ನೇ ಕೊಟ್ಟು ಕಳಿಸಿದೆ.

ಡಬ್ಬಿಯ ಮೇಲೆ ಮೂವತ್ತೆರಡು ಜಿಬಿ ಎಂದಿದ್ದರೂ ಅದರಲ್ಲಿ ದೊಡ್ಡ ಪಾಲನ್ನು ಫೋನಿನ ಸಿಸ್ಟಮ್ಮೇ ಮೊದಲ ದಿನ ತಿಂದಿರುತ್ತದೆ. ಆಮೇಲೆ ಅಪ್‌ಡೇಟ್ ಬಂದಂತೆಲ್ಲ ಆಪ್‌ಗಳು ದಪ್ಪಗಾಗುತ್ತವೆ. ಕೊಂಡ ದಿನ ಸಾಕೆನಿಸಿದ ಜಾಗ ನಾಲ್ಕನೆಯ ವರ್ಷಕ್ಕೆ ಸಾಲುವುದಿಲ್ಲ. ಇದು ನನಗೆ ಗೊತ್ತಿತ್ತು. ಅಕ್ಷರ ಬಾರದವರು ಫೋನನ್ನು ಹೇಗೆ ಬಳಸುತ್ತಾರೆ ಎಂಬುದು ಗೊತ್ತಿರಲಿಲ್ಲ. ಅಕ್ಕ ಬಸ್ಸಿನ ಬೋರ್ಡು, ಗುಳಿಗೆಯ ಚೀಟಿ, ಕರೆಂಟ್ ಬಿಲ್ಲು ಎಲ್ಲದರ ಫೋಟೊ ತೆಗೆದು ಭಾವನಿಗೆ ಕಳಿಸುತ್ತಿದ್ದಳು. ಅವರು ಯಾವುದೋ ಧಾಬಾದಲ್ಲಿ ನಿಂತು ಓದಿ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಿದ್ದರು. ಜೊತೆಗೆ ಊಟ ಆಯಿತೇ, ಕೂಸು ಮಲಗಿತೇ ಎಂಬ ಮಾತೂ ಇರುತ್ತಿತ್ತು.

೨೦೨೨ರಲ್ಲಿ ಲಾರಿ ಉರುಳಿ ಭಾವ ತೀರಿಕೊಂಡರು. ಅವರ ಫೋನೂ ಅಲ್ಲೇ ಪುಡಿಯಾಯಿತು.

ಮರುವರ್ಷ ಅಕ್ಕನ ಫೋನ್ ತುಂಬಿ ವಾಟ್ಸಾಪ್ ನಿಂತುಹೋಯಿತು. ಒಂದನೆಯ ಇಯತ್ತೆಯಲ್ಲಿದ್ದ ಮಗಳ ಹೋಂವರ್ಕ್ ಅದರಲ್ಲೇ ಬರುತ್ತಿತ್ತು. ಸಂತೆಯ ದಿನ ಬಂದಳು. ಅಂಗಡಿ ತುಂಬ ಜನ.

“ತಮ್ಮಾ, ಇದು ಉಸರ ಬಿಡವಲ್ದು ನೋಡು. ಅವರದೇನೂ ಮುಟ್ಟಬ್ಯಾಡ ಮತ್ತ.”

“ಆತು ಕುಂದರ ಬೇ, ನಂಗ ಕಲಸ್ತಿ ಏನು?” ಎಂದೆ.

ಭಾವನ ಫೋಟೊಗಳನ್ನೆಲ್ಲ ಜೋಪಾನವಾಗಿ ಮೆಮರಿ ಕಾರ್ಡಿಗೆ ಹಾಕಿದೆ. ಅಷ್ಟಕ್ಕೆ ಅವಳ ಮಾತು ನಡೆಸಿದೆ ಎಂದುಕೊಂಡೆ. ಆಮೇಲೆ ಕೈ ರೂಢಿಯಂತೆ ಓಡಿತು. ನಮ್ಮ ಕಸುಬಿನಲ್ಲಿ ಮೊದಲು ಖಾಲಿ ಮಾಡುವುದು ವಾಯ್ಸ್ ನೋಟ್ಸ್ ಫೋಲ್ಡರ್. ಅದರಲ್ಲಿ ಚಿತ್ರವಿಲ್ಲ, ಹೆಸರಿಲ್ಲ, ಬರೀ ನಂಬರಿನ ನೂರಾರು ಫೈಲುಗಳು. ಅದನ್ನು ಕೇಳಿಕೊಂಡು ಯಾವ ಗಿರಾಕಿಯೂ ತಿರುಗಿ ಬಂದಿರಲಿಲ್ಲ. ಅಳಿಸಿದೆ. ಎಪ್ಪತ್ತು ಎಂಬಿ ಖಾಲಿಯಾಯಿತು. ಇನ್ನಷ್ಟು ಹಾಳುಮೂಳು ತೆಗೆದು, ನಿಂತಿದ್ದ ಅಪ್‌ಡೇಟುಗಳನ್ನೆಲ್ಲ ಹಾಕಿದೆ.

ಅಕ್ಕ ಅಲ್ಲೇ ನಿಂತು ಭಾವನ ಒಂದು ಮೆಸೇಜನ್ನು ಒತ್ತಿದಳು. ದನಿ ಬರಲಿಲ್ಲ, ಇಂಗ್ಲಿಷಿನಲ್ಲಿ ಎರಡು ಸಾಲು ಬಂತು.

“ಏನ್ ಬರದೈತಿ, ಓದು.”

ಫೈಲು ಈ ಫೋನಿನಲ್ಲಿ ಇಲ್ಲ, ಕಳಿಸಿದವರಿಗೆ ಮತ್ತೊಮ್ಮೆ ಕಳಿಸಲು ಹೇಳಿ ಎಂದಿತ್ತು. ಅಷ್ಟು ಇಂಗ್ಲಿಷ್ ನನಗೆ ಬರುತ್ತದೆ.

“ನೆಟ್ ಇಲ್ಲ ಅಂತ ಬರದೈತಿ,” ಎಂದೆ.

ಅವಳು ಹೋದ ಮೇಲೆ ಹುಡುಕಿ ನೋಡಿದೆ. ಬ್ಯಾಕಪ್ ಇರಲಿಲ್ಲ. ಮೆಮರಿ ಉಳಿಯಲಿ ಎಂದು ಮಾರಿದ ದಿನವೇ ನಾನು ಅದನ್ನು ಬಂದ್ ಮಾಡಿದ್ದೆ. ಬ್ಯಾಕಪ್ ಹೋಗಿ ಕೂರುವುದು ಫೋನಿನಲ್ಲಲ್ಲ, ನೆಟ್ಟಿನ ಮೇಲೆ ಎಂಬುದೂ ಆಗ ನನಗೆ ಸರಿಯಾಗಿ ತಿಳಿದಿರಲಿಲ್ಲ. ಎರಡು ದಿನ ಬಿಟ್ಟು ಚೆಕ್ ಮಾಡುವ ನೆಪದಲ್ಲಿ ಫೋನ್ ತರಿಸಿಕೊಂಡು ವಿಜಯಪುರಕ್ಕೆ ಒಯ್ದೆ. ಅಲ್ಲಿಯ ರಿಪೇರಿಯವನು ನೋಡಿ, “ಅಳಿಸಿದ ಜಾಗದ ಮ್ಯಾಲ ಅಪ್‌ಡೇಟ್ ಕುಂತಾವಲ್ರಿ. ಈಗ ಯಾರ ಕೈಲೂ ಆಗಂಗಿಲ್ಲ,” ಎಂದ. ಅದೇ ಫೋನಿನಲ್ಲಿ ಯಾರದೋ ಮದುವೆಯ ಎರಡು ವಿಡಿಯೋ ಹಾಗೇ ಉಳಿದಿದ್ದವು. ಅವುಗಳಲ್ಲಿ ಒಂದೇ ಎಪ್ಪತ್ತು ಎಂಬಿಗಿಂತ ದೊಡ್ಡದಿತ್ತು. ಭಾವನ ಮೂರು ವರ್ಷದ ಮಾತು ಅದರಷ್ಟೂ ಜಾಗ ಕೇಳಿರಲಿಲ್ಲ.

ಫೋನ್ ತಿರುಗಿ ಕೊಡುವಾಗ, “ಹಳೇದಾತಕ್ಕಾ, ಅವನ್ನೆಲ್ಲ ತಾನ ಅಳಿಸಿಬಿಟ್ಟೈತಿ,” ಎಂದೆ.

ಅಕ್ಕ ಫೋನನ್ನು ಸೆರಗಿನಿಂದ ಒರೆಸಿದಳು. “ಹೋಗ್ಲಿ ಬಿಡು. ಅದಕ್ಕೇನ್ ಗೊತ್ತು? ಅದೂ ನನ್ನಂಗ ಸಾಲಿ ಕಲ್ತಿಲ್ಲ,” ಎಂದಳು. ಅಂದಿನಿಂದ ಆ ಫೋನನ್ನು ನನ್ನ ಅಂಗಡಿಗೆ ತಂದಿಲ್ಲ.

ಎಷ್ಟು ಮೆಮರಿ ತಗೊಳ್ಳಲಿ ಎಂದು ಕೇಳುವವರಿಗೆ ನಾನೀಗ ಹೇಳುವುದಿಷ್ಟು: ಅಕ್ಷರ ಕಡಿಮೆ ಬರುವವರಿಗೆ ಮೆಮರಿ ಹೆಚ್ಚು ಬೇಕು. ಯಾರ ಫೋನಿನಲ್ಲೂ ಕಸ ಯಾವುದು ಎಂದು ರಿಪೇರಿಯವನು ತೀರ್ಮಾನಿಸಬಾರದು. ಈ ಪಾಠ ನನ್ನ ಗಿರಾಕಿಗಳಿಗೆ ಉಪಯೋಗಕ್ಕೆ ಬಂದಿದೆ, ಅಕ್ಕನಿಗಲ್ಲ.

ಈ ಬರಹ ಅಚ್ಚಾದರೂ ಅಕ್ಕ ಓದಲಾರಳು. ಆದರೆ ಅವಳ ಮಗಳು ಈಗ ಕನ್ನಡವನ್ನು ತಡವರಿಸದೆ ಓದುತ್ತಾಳೆ. ಅಕ್ಕ ಇದನ್ನು ಮಗಳ ಬಾಯಿಂದ ಕೇಳುವ ಮೊದಲು ನಾನೇ ಹೇಳಬೇಕೆಂದು ಮೂರು ಸಲ ಬಸವನ ಬಾಗೇವಾಡಿಯ ತನಕ ಹೋಗಿದ್ದೇನೆ. ಅಲ್ಲಿಂದ ಇಂಗಳೇಶ್ವರದ ಬಸ್ಸನ್ನು ಒಮ್ಮೆಯೂ ಹತ್ತಿಲ್ಲ.