ನಾವಿಕನ ಪಾತ್ರಕ್ಕೆ ಅರ್ಥ ಹೇಳಿದ ಶನಿವಾರ

ನಾನು ಆ ಪೋರ್ಚುಗೀಸ್ ನಾವಿಕನನ್ನು ದ್ವೇಷಿಸುತ್ತೇನೆ. ಎರಡು ಹೊತ್ತು ದೇವರ ಮುಂದೆ ಕೂರುವವನು, ಐನೂರು ವರ್ಷಗಳ ಹಿಂದೆ ಮಣ್ಣಾದವನ ಮೇಲೆ ಹಗೆ ಇಟ್ಟುಕೊಳ್ಳಬಾರದೆಂದು ಬಲ್ಲೆ. ಬಲ್ಲವನಾಗಿಯೂ ಇಟ್ಟುಕೊಂಡಿದ್ದೇನೆ.

ಪರದೇಶದ ಪಾಯಿಂಟ್ ಕುಕ್‌ನ ನಮ್ಮ ಮನೆಗೆ ಅವನು ಬಂದದ್ದು ಮೊಮ್ಮಗಳ ಶಾಲೆಯ ಚೀಲದಲ್ಲಿ. ಐದನೆಯ ತರಗತಿಯ ಮಕ್ಕಳು ಒಬ್ಬೊಬ್ಬ ನಾವಿಕನ ಜೀವನವನ್ನು ಓದಿ, ಅವನೇ ಆಗಿ ನಿಂತು ಮಾತನಾಡಬೇಕು. ಸಹಪಾಠಿಗಳ ಪ್ರಶ್ನೆಗಳಿಗೂ ಅವನಾಗಿಯೇ ಉತ್ತರಿಸಬೇಕು. ನಮ್ಮ ಕಡಲಿಗೆ ಬಂದವನೆಂಬ ಒಂದೇ ಕಾರಣಕ್ಕೆ ಅವಳು ಇವನನ್ನು ಆರಿಸಿಕೊಂಡಿದ್ದಳು. ಹಿಂದಿನ ವರ್ಷ ಇಂಥದೇ ಪ್ರದರ್ಶನದಲ್ಲಿ ಮಾತು ಮರೆತು, ಅತ್ತು, ಅರ್ಧದಲ್ಲೇ ಹೊರಬಂದಿದ್ದ ಹುಡುಗಿ. ಈ ಸಲ ಕೊನೆಯವರೆಗೆ ನಿಲ್ಲಲೇಬೇಕೆಂಬುದು ಅವಳ ಹಟ.

"ಅಜ್ಜ, ಯು ಯೂಸ್ಡ್ ಟು ಡು ದಿಸ್, ಅಲ್ವಾ? ಅಮ್ಮ ಹೇಳಿದ್ಳು. ನಂಗೆ ಹೆಲ್ಪ್ ಮಾಡಿ."

ಹೌದು, ನಲವತ್ತು ವರ್ಷ ಅದನ್ನೇ ಮಾಡಿದ್ದೆ. ಉಡುಪಿಯ ಸುತ್ತಿನ ದೇವಸ್ಥಾನಗಳ ತಾಳಮದ್ದಲೆಗಳಲ್ಲಿ ನಾನು ಅರ್ಥಧಾರಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಪುರಾಣದ ಪಾತ್ರವಾಗಿ, ಕುಳಿತಲ್ಲಿಂದಲೇ ಮಾತು ಕಟ್ಟಬೇಕು, ಎದುರಿನ ಪಾತ್ರದೊಡನೆ ವಾದಿಸಬೇಕು. ನನ್ನ ಪಾಲಿಗೆ ಬರುತ್ತಿದ್ದವರು ಹೆಚ್ಚಾಗಿ ಖಳರು. ಪರಸತಿಯನ್ನು ಕದ್ದ ಅಸುರನ ಪರವಾಗಿ ನಾನಾಡಿದ ಮಾತಿಗೆ ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡದ್ದುಂಟು.

ಆದರೆ ಆ ಶನಿವಾರ ಬೆಳಗ್ಗೆ ಪೂಜೆ ಮುಗಿಸಿ ಬಂದ ನಾನು ನಾವಿಕನ ಮಾತನ್ನು ಕಲಿಸಲಿಲ್ಲ. ಅವನ ಎದುರಾಳಿಯಾಗಿ ಕುಳಿತೆ.

ರಟ್ಟಿನ ಟೋಪಿ ಧರಿಸಿ ಅವಳು ಚೆನ್ನಾಗಿಯೇ ಆರಂಭಿಸಿದಳು. ಸಣ್ಣ ಬಂದರಿನಲ್ಲಿ ಹುಟ್ಟಿದ್ದು. ಅರಸನ ಓಲೆ ಹಿಡಿದು ಆಫ್ರಿಕದ ತುದಿಯನ್ನು ಬಳಸಿ ಬಂದದ್ದು. ಒಸಡು ಬಾತು ಸಂಗಡಿಗರು ಸತ್ತದ್ದು. ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನೇ ಚರ್ಚೆಂದು ಭಾವಿಸಿ ಮೊಣಕಾಲೂರಿದ್ದು. ಮರಳುವ ದಾರಿಯಲ್ಲಿ ಅಣ್ಣನನ್ನು ಕಳೆದುಕೊಂಡದ್ದು.

"ಎಲೈ ನಾವಿಕನೇ," ಎಂದೆ ಹಳೆಯ ಏರುದನಿಯಲ್ಲಿ. "ನಿನಗೆ ತೀರ್ಥ ಕೊಟ್ಟವರ ಊರಿಗೆ ಎರಡನೆಯ ಸಲ ಏನು ಹೊತ್ತು ತಂದೆ? ಫಿರಂಗಿಗಳನ್ನು ತಾನೆ?"

"ಉಮ್... ದಿ ಕಿಂಗ್ ಸೆಂಟ್ ಮಿ."

"ಯಾತ್ರೆ ಮುಗಿಸಿ ಮರಳುತ್ತಿದ್ದವರ ಹಡಗಿಗೆ ಬೆಂಕಿಯಿಡಲು ಹೇಳಿದವನೂ ಅರಸನೋ? ತಾಯಂದಿರು ಹಸುಗೂಸುಗಳನ್ನು ಎತ್ತಿ ತೋರಿಸಿ ಬೇಡಿಕೊಂಡಾಗ ನೋಡುತ್ತಿದ್ದೆಯೋ, ಮುಖ ತಿರುಗಿಸಿದೆಯೋ? ಹೇಳು!"

"ಅಜ್ಜ, ಆ ಪಾರ್ಟ್ ನನ್ನ ಬುಕ್ಕಲ್ಲಿ ಇಲ್ಲ."

"ಕೊಲೆಗಡುಕ! ನಿನಗೆ ನಾನು ಯಾವ ಸೀಮೆಯ ಅಜ್ಜ?"

ಅವಳು ಅಳಲಿಲ್ಲ. ಟೋಪಿಯನ್ನು ತೆಗೆದು ಸೋಫಾದ ಮೇಲಿಟ್ಟು, "ಐ ಆಮ್ ನಾಟ್ ಡೂಯಿಂಗ್ ಇಟ್" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಡುಗೆಮನೆಯಿಂದ ಮಗಳು ದೋಸೆಯ ಸಟ್ಟುಗ ಹಿಡಿದೇ ಬಂದಳು. "ಎಂತ ಅಪ್ಪ ಇದು? ಹತ್ತು ವರ್ಷದ ಮಗುವಿನ ಹತ್ರ ಜಿದ್ದು ಕಟ್ಟುದಾ? ಎದುರಿನವ ತಡವರಿಸಿದ್ರೆ ಅವನಿಗೊಂದು ಮಾತಿನ ಎಳೆ ಬಿಟ್ಟುಕೊಡ್ಬೇಕು ಅಂತ ನೀವೇ ಹೇಳ್ತಿದ್ರಲ್ಲ?"

"ಅವನಿಗೆ ನಾನು ಎಳೆ ಕೊಡುವುದಿಲ್ಲ."

"ಅವನಿಗಲ್ಲ ಮಾರಾಯ್ರೆ, ಅವಳಿಗೆ! ಅಷ್ಟು ಅಸುರರಿಗೆ ನ್ಯಾಯ ಹೇಳಿದ ಬಾಯಿ, ಇವನೊಬ್ಬನಿಗೆ ಖಾಲಿಯಾ?"

ತಾಳಮದ್ದಲೆಯಲ್ಲಿ ಎದುರಿನವನ ಬಾಯಿ ಕಟ್ಟಿಸಿದವನು ಗೆದ್ದವನಲ್ಲ, ಪ್ರಸಂಗವನ್ನೇ ಕೆಡಿಸಿದವನು. ಹಿರಿಯರು ಕಲಿಸಿದ ಆ ಮರ್ಯಾದೆಯನ್ನು ಒಂದು ಮಗುವಿನ ಮುಂದೆ ಮುರಿದಿದ್ದೆ. ಅಸುರರಿಗೆ ನ್ಯಾಯ ಹೇಳುವುದು ನನಗೆ ಸುಲಭವಾಗಿತ್ತು, ಏಕೆಂದರೆ ಕೊನೆಯ ಪದ್ಯದೊಳಗೆ ಭಗವಂತನು ಅವರನ್ನು ಕೊಲ್ಲುತ್ತಿದ್ದನು. ಈ ನಾವಿಕನೋ ಮೂರನೆಯ ಬಾರಿ ವೈಸ್‌ರಾಯ್ ಆಗಿ ಬಂದು, ಕೊಚ್ಚಿಯಲ್ಲಿ ಕಾಯಿಲೆಯಿಂದ ಹಾಸಿಗೆಯ ಮೇಲೆ ಸತ್ತ. ಅದನ್ನು ನಾನು ಎಂದೂ ಕ್ಷಮಿಸಿಲ್ಲ.

ಊಟದ ಬಳಿಕ ಅವಳ ಬಾಗಿಲು ತಟ್ಟಿದೆ. "ಈಗ ನಾವಿಕ ನಾನು. ನೀನು ಕೇಳು."

ಮಂಚದಿಂದ ಏಳದೆಯೇ ಕೇಳಿದಳು: "ವೈ ಡಿಡ್ ಯು ಬರ್ನ್ ದೆಮ್?"

ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕಣ್ಣು ಮುಚ್ಚಿದೆ. ಹೇಳಲು ಮನಸ್ಸಿರಲಿಲ್ಲ, ಅಭ್ಯಾಸದ ನಾಲಿಗೆ ತಾನಾಗಿ ಹೊರಳಿತು.

"ಮೊದಲ ಸಲ ನನ್ನ ಉಡುಗೊರೆಗಳನ್ನು ಕಂಡು ಆಸ್ಥಾನದವರು ನಕ್ಕರು. ಟೋಪಿ, ಬೋಗುಣಿ, ಜೇನು. ತಿಂಗಳುಗಟ್ಟಲೆ ಹೆಣಗಳನ್ನು ಕಡಲಿಗೆ ಇಳಿಸುತ್ತ ಬಂದವನು ನಾನು. ಆ ನಗು ನನ್ನ ಕಿವಿಯನ್ನು ಬಿಡಲಿಲ್ಲ. ಇನ್ನು ಮುಂದೆ ನನ್ನ ಹೆಸರಿಗೆ ಯಾರೂ ನಗಬಾರದು, ನಡುಗಬೇಕು ಎಂದುಕೊಂಡೆ. ಹಡಗು ಉರಿಯುವಾಗ ನೋಡುತ್ತಲೇ ಇದ್ದೆ. ತಾಯಂದಿರು ನನಗೆ ಕಾಣುತ್ತಿದ್ದರು."

ಅವಳು ಎದ್ದು ಕುಳಿತಳು. "ಸೋ ಯು ಆರ್ ನಾಟ್ ಸಾರಿ?"

"ಇಲ್ಲ."

"ಓಕೆ. ನಾನೂ ಸಾರಿ ಹೇಳೂದಿಲ್ಲ," ಎಂದು ಪೆನ್ಸಿಲ್ ಹುಡುಕಿ ಬರೆದುಕೊಂಡಳು. ನಾನು ಸ್ನಾನದ ಮನೆಗೆ ಹೋಗಿ ಬಾಯಿ ಮುಕ್ಕಳಿಸಿದೆ.

ಸೋಮವಾರ ಶಾಲೆಯ ಗೇಟಿನಿಂದ ಅವಳು ಓಡುತ್ತಲೇ ಬಂದಳು. "ದೇ ಹೇಟೆಡ್ ಮಿ ಅಜ್ಜ! ಎಲ್ರೂ ಬೂ ಅಂದ್ರು! ನಾನು ನಿಂತೇ ಇದ್ದೆ!"

"ಒಳ್ಳೆಯದಾಯಿತು. ಅವನಿಗೆ ಸಲ್ಲಬೇಕಾದದ್ದೇ."

"ಲಾಸ್ಟಲ್ಲಿ ಒಬ್ಳು ಕೇಳಿದ್ಳು, ನಿಂಗೆ ಪನಿಶ್‌ಮೆಂಟ್ ಆಯ್ತಾ ಅಂತ. ನೋ, ಐ ಡೈಡ್ ಇನ್ ಬೆಡ್, ಅಂದೆ. ಆಗ ಯಾರೂ ಬೂ ಕೂಡ ಅನ್ಲಿಲ್ಲ. ಟೀಚರ್ ಕೂಡ ಸುಮ್ನೆ."

ನಲವತ್ತು ವರ್ಷಗಳಲ್ಲಿ ಯಾವ ಸಭೆಯಲ್ಲೂ ಅಂತಹ ಮೌನವನ್ನು ನಾನು ಗಳಿಸಿದ್ದಿಲ್ಲ. ಅದು ಅವಳಿಗೆ ದೊರಕಿತೆಂದು ಸಂತೋಷಪಟ್ಟೆ. ಅವನ ಹೆಸರಿನಲ್ಲಿ ದೊರಕಿತೆಂದು ಮನೆ ತಲುಪುವವರೆಗೂ ಹೊಟ್ಟೆ ಉರಿಯುತ್ತಲೇ ಇತ್ತು.